ಫೀಸು ಅಂದುಕೊಂಡು ಕಟ್ಟಿದ್ದು ಸಾಲದ ಕಂತಾಗಿತ್ತು

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಮಷಿನ್ ಶಾಪ್‌ನಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಒಂದು ವಾರ ಫಸ್ಟ್ ಶಿಫ್ಟ್, ಮುಂದಿನ ವಾರ ಸೆಕೆಂಡ್. ವರ್ನಿಯರ್ ಹಿಡಿದು ಅಳೆದು ಅಳೆದು ಬೇಜಾರಾಗಿ, ವೆಬ್ ಪ್ರೋಗ್ರಾಮಿಂಗ್ ಕಲಿತು ಬೇರೆ ದಾರಿ ನೋಡೋಣ ಅಂತ ಒಂದು ಆನ್‌ಲೈನ್ ಕೋರ್ಸ್ ಸೇರಿದೆ. ಹೆಸರು ಬೇಡ. ಇಂಥವು ಬೇಕಾದಷ್ಟಿವೆ.

ಫೋನ್ ಮಾಡಿದ ಹುಡುಗಿ ಬಹಳ ಸವಿಯಾಗಿ ಮಾತಾಡಿದಳು. "ಸರ್, ಇದು ಕೆಲಸದಲ್ಲಿ ಇರೋರಿಗೇ ಮಾಡಿದ ಕೋರ್ಸು. ಜಾಬ್ ಸಿಗದಿದ್ರೆ ಫುಲ್ ರಿಫಂಡ್." ಫೀಸು 72,000 ರೂಪಾಯಿ. ಒಂದೇ ಸಲ ಆಗಲ್ಲ ಅಂದೆ. "ತಿಂಗಳಿಗೆ 6,000 ಕಟ್ಟಿ ಸರ್, ಬಡ್ಡಿ ಇಲ್ಲ." ಆಧಾರ್, ಪ್ಯಾನ್ ಕಳಿಸಿದೆ. ಒಂದರ ಹಿಂದೆ ಒಂದು ಓಟಿಪಿ ಬಂತು, ಎಲ್ಲಾ ಹೇಳಿದೆ. ಟೀ ಬ್ರೇಕ್ ಮುಗಿಯೋದರೊಳಗೆ ಎಲ್ಲಾ ಆಗಿಹೋಯ್ತು.

ಆಗಿದ್ದೇನು ಅಂತ ಆಮೇಲೆ ತಿಳಿಯಿತು. ಒಂದು ಫೈನಾನ್ಸ್ ಕಂಪನಿ ನನ್ನ ಹೆಸರಲ್ಲಿ ಸಾಲ ಮಂಜೂರು ಮಾಡಿ, ಅಷ್ಟೂ ದುಡ್ಡನ್ನು ಕೋರ್ಸಿನವರಿಗೆ ಕೊಟ್ಟಿತ್ತು. ಅವರ ಲೆಕ್ಕ ಅವತ್ತೇ ಚುಕ್ತಾ. ಇನ್ನು ನಾನು ಕಲಿತರೆಷ್ಟು, ಬಿಟ್ಟರೆಷ್ಟು?

ಲೈವ್ ಕ್ಲಾಸ್ ರಾತ್ರಿ ಎಂಟಕ್ಕೆ. ಸೆಕೆಂಡ್ ಶಿಫ್ಟ್ ವಾರದಲ್ಲಿ ಆ ಹೊತ್ತಿಗೆ ನಾನು ಮಷಿನ್ ಪಕ್ಕ ಇರುತ್ತಿದ್ದೆ. ರೆಕಾರ್ಡಿಂಗ್ ನೋಡಿ ಅಂದರು. ವೆಬ್ ಪುಟದ ಚೌಕಟ್ಟು, ಅಂದ ಬರೆಯುವ ಎಚ್‌ಟಿಎಂಎಲ್, ಸಿಎಸ್‌ಎಸ್ ಹೇಗೋ ನಡೆಯಿತು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ, ಉತ್ತರ ತಡವಾಗಿ ಬರುವ ಕೆಲಸ ನಿಭಾಯಿಸುವ ಪ್ರಾಮಿಸ್, ಅಸಿಂಕ್ ಬಂದಾಗ ಕೇಳೋಕೆ ಯಾರೂ ಇರಲಿಲ್ಲ. ವೆಬ್ ಪುಟ ಕಟ್ಟುವ ಜಾವಾಸ್ಕ್ರಿಪ್ಟ್ ಲೈಬ್ರರಿ ರಿಯಾಕ್ಟ್‌ನ ವಿಡಿಯೋಗಳಂತೂ ಹಳಸಲು. ಹೊಸ ಪ್ರಾಜೆಕ್ಟ್ ಸಿದ್ಧ ಮಾಡಿಕೊಡುವ ಕ್ರಿಯೇಟ್ ರಿಯಾಕ್ಟ್ ಆ್ಯಪ್ ಬಳಸಿ ಶುರು ಮಾಡಿ ಅಂತ ಹೇಳಿಕೊಡುತ್ತಿದ್ದರು. ಅದನ್ನು ರಿಯಾಕ್ಟ್‌ನವರೇ 2025ರ ಫೆಬ್ರವರಿಯಲ್ಲಿ ಕೈಬಿಟ್ಟಿದ್ದಾರೆ. ವಿಡಿಯೋದಲ್ಲಿದ್ದ ಹಾಗೆ ಟೈಪ್ ಮಾಡಿದರೆ, ಇದನ್ನು ಕೈಬಿಡಲಾಗಿದೆ ಅಂತ ಕಮಾಂಡ್ ಟೈಪ್ ಮಾಡುವ ಟರ್ಮಿನಲ್ಲೇ ಹೇಳಿತು. ಮೆಂಟರ್‌ಗೆ ಬರೆದೆ. ನಾಲ್ಕು ದಿನದ ಮೇಲೆ ಉತ್ತರ ಬಂತು: "ವಾರ್ನಿಂಗ್ ಅಷ್ಟೇ, ಮುಂದುವರಿಸಿ."

ಮೂರನೇ ತಿಂಗಳು ಸಾಕು ಅನಿಸಿ ರಿಫಂಡ್ ಕೇಳಿದೆ. ಆಗ ಷರತ್ತು ತೋರಿಸಿದರು. ಲೈವ್ ಕ್ಲಾಸಿನಲ್ಲಿ 85% ಹಾಜರಿ ಇದ್ದರೆ ಮಾತ್ರ ಗ್ಯಾರಂಟಿ, ರೆಕಾರ್ಡಿಂಗ್ ಲೆಕ್ಕಕ್ಕಿಲ್ಲ. ವಾರ ಬಿಟ್ಟು ವಾರ ಸೆಕೆಂಡ್ ಶಿಫ್ಟ್ ಮಾಡುವವನ ಹಾಜರಿ ಅರ್ಧ ದಾಟುತ್ತದಾ? ಕೆಲಸದಲ್ಲಿ ಇರೋರಿಗೇ ಮಾಡಿದ ಕೋರ್ಸಂತೆ!

ಸಿಟ್ಟಿನಲ್ಲಿ ಇನ್ನೊಂದು ತಪ್ಪು ಮಾಡಿದೆ. ಕಂತು ಕಟ್ಟೋದನ್ನೇ ನಿಲ್ಲಿಸಿದೆ. ಬ್ಯಾಂಕ್ ಬೌನ್ಸ್ ಚಾರ್ಜ್ ಹಾಕಿತು, ಸಿಬಿಲ್ ಸ್ಕೋರ್ ಇಳಿಯಿತು, ರಿಕವರಿಯವರು ಶಿಫ್ಟಿನ ನಡುವೆ ಫೋನ್ ಮಾಡತೊಡಗಿದರು. ಅನಗೋಳದ ನಮ್ಮ ಕಾಕಾ ಎಲ್ಲಾ ಕೇಳಿ ನಕ್ಕುಬಿಟ್ಟರು. "ಕಾಸ್ಟಿಂಗ್‌ದಾಗ ಕೂದಲೆಳಿಯಷ್ಟು ಕ್ರ್ಯಾಕ್ ಇದ್ರ ರಿಜೆಕ್ಟ್ ಮಾಡಾಂವ ನೀ. ಸಾಲದ ಕಾಗದ ಓದದ ಸಹಿ ಹಾಕೀಯಲ್ಲೋ!"

ಕಾಗದ ಇತ್ತು, ಮೇಲ್‌ನಲ್ಲೇ ಇತ್ತು. ಸಾಲ ಕೊಡುವ ಮೊದಲೇ 'ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್', ಅಂದರೆ ಸಾಲದ ಮುಖ್ಯ ವಿವರಗಳ ಪಟ್ಟಿ, ಕೊಡಬೇಕು ಅಂತ ಆರ್‌ಬಿಐನ ಡಿಜಿಟಲ್ ಸಾಲದ ನಿಯಮ ಹೇಳುತ್ತದೆ. ಶುರುವಿನಲ್ಲಿ ಕೂಲಿಂಗ್ ಆಫ್, ಅಂದರೆ ಮನಸ್ಸು ಬದಲಿಸುವ ಅವಧಿಯೂ ಇರುತ್ತದೆ. ಅಷ್ಟರೊಳಗೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ಕಟ್ಟಿ, ದಂಡವಿಲ್ಲದೆ ಹೊರಬರಬಹುದು. ನಾನು ಅದನ್ನು ತೆರೆದು ಓದಿದ್ದು ಐದನೇ ತಿಂಗಳಲ್ಲಿ.

ಹಾಗಾಗಿ ಬಡ್ಡಿ ಇಲ್ಲದ ಇಎಂಐ ಅಂದ ಕೂಡಲೇ, ಸಾಲ ಕೊಡುವವರು ಯಾರು ಅಂತ ಕೇಳಿ. ಫೋನಿನಲ್ಲಿ ಓಟಿಪಿ ಹೇಳಲೇಬೇಡಿ. ನಿಮ್ಮ ಶಿಫ್ಟ್ ಚಾರ್ಟ್ ಎದುರಿಗಿಟ್ಟುಕೊಂಡು ಹಾಜರಿಯ ಷರತ್ತು ಓದಿ. ಈಗಾಗಲೇ ಸಿಕ್ಕಿಬಿದ್ದಿದ್ದರೆ, ಕಂತು ಕಟ್ಟುತ್ತಲೇ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಸಾಲದ ಕಂಪನಿಗೂ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಇಂಥ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಹೋಗಬಹುದು. ನನ್ನ ದೂರು ಇನ್ನೂ ನಡೆಯುತ್ತಿದೆ.

ಕಲಿಯೋದು ಬಿಟ್ಟಿಲ್ಲ. ವೆಬ್ ಪ್ರೋಗ್ರಾಮಿಂಗ್ ಕಲಿಸುವ ಎಂಡಿಎನ್, ಫ್ರೀಕೋಡ್‌ಕ್ಯಾಂಪ್ ಎಂಬ ಜಾಲತಾಣ ಎರಡೂ ಪುಕ್ಕಟೆ, ಹಾಜರಿ ಕೇಳಲ್ಲ. ಸೆಕೆಂಡ್ ಶಿಫ್ಟ್ ವಾರದಲ್ಲಿ ಬೆಳಿಗ್ಗೆ ಒಂದು ತಾಸು ಕೂರುತ್ತೇನೆ. ಮೊನ್ನೆ ಜಾವಾಸ್ಕ್ರಿಪ್ಟ್‌ನ ಫೆಚ್ ಬರೆದು ಸರ್ವರ್‌ನಿಂದ ಡೇಟಾ ತರಿಸಿದೆ. ಸಾಲದ ಕಂತು ಇನ್ನೂ ನಾಲ್ಕು ಬಾಕಿ.