ಅಟ್ಟಕ್ಕೆ ತೆಂಗಿನ ನಾರಿನ ಚಾಪೆ: ಮೂರು ಬೇಸಿಗೆ ಕಳೆದ ಮೇಲೆ

ನಮ್ಮದು ತಿಪಟೂರು ಹತ್ತಿರದ ಹಳ್ಳಿ, ಹಳೇ ಹೆಂಚಿನ ಮನೆ. ಹೆಂಚಿನ ಕೆಳಗೆ ಹಲಗೆ ಅಟ್ಟ, ಅದರ ಕೆಳಗೆ ಅಮ್ಮ ಮಲಗುವ ಕೋಣೆ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಅಲ್ಲಿ ಕೂರಲು ಆಗುತ್ತಿರಲಿಲ್ಲ.

ಶಾಖ ತಡೆಯಲು ಅಂಗಡಿಯವರು ಗ್ಲಾಸ್ ವುಲ್ (ಗಾಜಿನ ಎಳೆಗಳ ಹಾಸು) ಅಂದರು, ಮೇಸ್ತ್ರಿ ಥರ್ಮೋಕೋಲ್ ಸಾಕು ಅಂದ. ಗ್ಲಾಸ್ ವುಲ್‌ಗೆ ಬೆಂಕಿ ಹಿಡಿಯಲ್ಲ, ನಿಜ, ಆದರೆ ಹಲಗೆ ಸಂದಿಯಿಂದ ಎಳೆ ಉದುರಿದರೆ ಮೈಯೆಲ್ಲ ಕೆರೆತ, ಅಮ್ಮನಿಗೆ ಮೊದಲೇ ಉಬ್ಬಸ. ಥರ್ಮೋಕೋಲ್ ಹೊತ್ತಿಕೊಂಡರೆ ಕಪ್ಪು ಹೊಗೆ. ಸುತ್ತ ಇಷ್ಟು ತೆಂಗಿನ ತೋಟ ಇರುವಾಗ ಅದೆಲ್ಲ ಯಾಕೆ ಅನಿಸಿ, ನಾರನ್ನು ಒತ್ತಿ ಮಾಡಿದ ಚಾಪೆ ತಂದು ಅಟ್ಟದ ಹಲಗೆ ಮೇಲೆ ಎರಡು ಪದರ ಹಾಸಿದೆ. 300 ಚದರಡಿಗೆ ಕೂಲಿ ಸೇರಿ 18,000 ರೂಪಾಯಿ ಆಯಿತು.

ಶುರುವಲ್ಲೇ ಎಡವಟ್ಟು. ಹಾಸಿಗೆಗೆ ಹಾಕುವ, ರಬ್ಬರ್ ಹಾಲು ಸಿಂಪಡಿಸಿದ ನಾರು ಕಳಿಸಿದ್ದರು. ಬಿಸಿಲಿಗಿಟ್ಟರೆ ಟೈರ್ ಅಂಗಡಿ ವಾಸನೆ! ವಾಪಸ್ ತೆಗೆದುಕೊಳ್ಳಲು ಎರಡು ವಾರ ಸತಾಯಿಸಿದರು. ನೀವು ಒಂದು ತುಂಡು ಮೂಸಿ ನೋಡಿಯೇ ದುಡ್ಡು ಕೊಡಿ.

ಎಸಿ ಥರ ತಂಪಾಗುತ್ತೆ ಅಂದುಕೊಳ್ಳಬೇಡಿ. ಚಾಪೆ ಹಾಸದ ಪಕ್ಕದ ಕೋಣೆಗಿಂತ ಮಧ್ಯಾಹ್ನ 3 ಡಿಗ್ರಿ ಕಡಿಮೆ ಇರುತ್ತದೆ, ಅಷ್ಟೇ. ಆದರೆ ಅಮ್ಮ ಈಗ ದಿಂಬು ಎತ್ತಿಕೊಂಡು ಜಗುಲಿಗೆ ಹೋಗುವುದಿಲ್ಲ, ನನಗೆ ಅದೇ ಅಳತೆ.

ಎರಡನೇ ಮಳೆಗಾಲದಲ್ಲಿ ಕೋತಿಗಳು ಒಂದು ಹೆಂಚು ಸರಿಸಿದ್ದು ಗೊತ್ತೇ ಆಗಲಿಲ್ಲ. ಕೋಣೆಯಲ್ಲಿ ಏನೋ ಮುಗ್ಗಲು ವಾಸನೆ ಅಂತ ಅಟ್ಟ ಹತ್ತಿ, ಚಾಪೆಯ ಮೂಲೆ ಎತ್ತಿದರೆ ನೆನೆದ ಗೋಣಿಚೀಲದ ಹಾಗೆ ಭಾರ, ಅಡಿಯೆಲ್ಲ ಕಪ್ಪು ಬೂಷ್ಟು. ನಾರು ಬೇಗ ಕೊಳೆಯುವುದಿಲ್ಲ, ಸರಿ, ಆದರೆ ಶಾಖ ತಡೆಯುವುದು ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ ಅಲ್ವಾ, ಅಲ್ಲಿ ನೀರು ತುಂಬಿದರೆ ಅದು ಸುಮ್ನೆ ಹೊರೆ. ಆ ಭಾಗ ಕತ್ತರಿಸಿ ಹೊಸದು ಹಾಸಿದೆ. ಯಾರೋ ಹೇಳಿದರು ಅಂತ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದರೆ ಅಡಿಯಲ್ಲೇ ಬೆವತುಬಿಟ್ಟಿತು, ಮಾರನೇ ವಾರವೇ ಕಿತ್ತು ಹಾಕಿದೆ.

ಇಲಿ ಕಾಟವೂ ಇದೆ. ಒಂದು ಕಡೆ ನಾರು ಕಿತ್ತು ಬಟ್ಟಲಿನ ಹಾಗೆ ಗೂಡು ಹೆಣೆದು ಒಳಗೆ ಎಂಟ್ಹತ್ತು ಹುಣಸೆ ಬೀಜ ಕೂಡಿಟ್ಟಿತ್ತು, ನೋಡಿ ಬೈಯಲೂ ಮನಸ್ಸಾಗಲಿಲ್ಲ. ಸಂದಿಗೆ ಜಾಲರಿ ಹೊಡೆಸಿದ ಮೇಲೆ ಕಡಿಮೆಯಾಗಿದೆ.

ಇನ್ನೊಂದು, ನಾರು ಉರಿಯುತ್ತದೆ. ಹಳೇ ವೈರ್ ಎಲ್ಲ ಪೈಪ್ ಒಳಗೆ ಹಾಕಿಸಿದೆ, ಸೌದೆ ಒಲೆ ಇರುವ ಅಡುಗೆಮನೆ ಮೇಲೆ ಹಾಸಲೇ ಇಲ್ಲ.

ಐದಕ್ಕೆ ನಾಲ್ಕು ಸ್ಟಾರ್. ಈ ಸಲ ನಡುಮನೆ ಮೇಲೂ ಹಾಸಿಸಬೇಕು, ಹೆಂಚು ಕೈಯಾಡಿಸುವವನು ಬಂದು ಹೋಗಲಿ ಅಂತ ಕಾಯುತ್ತಿದ್ದೇನೆ.