ಹೈಬ್ರಿಡ್ ಕ್ರಾಸ್‌ಓವರ್ ಕೊಳ್ಳುವ ಮುನ್ನ ಆ ಸಣ್ಣ ಬ್ಯಾಟರಿ ಎಲ್ಲಿದೆ ಎಂದು ಕೇಳಿ

ಐಷಾರಾಮಿ ಹೈಬ್ರಿಡ್ ಕ್ರಾಸ್‌ಓವರ್‌ಗೆ (ಎಂಜಿನ್ ಜೊತೆಗೆ ವಿದ್ಯುತ್ ಮೋಟರೂ ಇರುವ, ಎತ್ತರದ ಮೈಕಟ್ಟಿನ ಕಾರಿಗೆ) ಮುಂಗಡ ಕಟ್ಟಲು ಹೊರಟವರು ಶೋರೂಮಿನಲ್ಲಿ ಒಂದು ಪ್ರಶ್ನೆ ಕೇಳಲೇಬೇಕು: 12 ವೋಲ್ಟಿನ ಬ್ಯಾಟರಿ ಎಲ್ಲಿದೆ, ಅದು ಸತ್ತರೆ ಬಾಗಿಲು ತೆರೆಯುವುದು ಹೇಗೆ? ಎದುರಿಗಿದ್ದವರು ತಡವರಿಸಿದರೆ, ನಾಳೆ ನೀವು ಕರೆ ಮಾಡಿದಾಗಲೂ ಹಾಗೆಯೇ ತಡವರಿಸುತ್ತಾರೆ. ನನಗೆ ಕಾರು ಮಾರಿದವರು, “ಇಷ್ಟು ದೊಡ್ಡ ಬ್ಯಾಟರಿ ಇರುವಾಗ ಯಾಕೆ ಸರ್ ಚಿಂತೆ, ಓಡಿದಂತೆಲ್ಲ ತಾನೇ ಚಾರ್ಜ್ ಆಗುತ್ತದೆ” ಎಂದಿದ್ದರು. ಓಡಿದರೆ ಆಗುತ್ತದೆ, ನಿಜ. ನಿಂತಾಗ ಏನಾಗುತ್ತದೆ ಎಂಬುದನ್ನು ಹೇಳಲಿಲ್ಲ.

ಕಾರು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಹೊರಡುವಾಗ ಎಂಜಿನ್ನಿನ ಸದ್ದೇ ಇಲ್ಲದೆ ಮೋಟರಿನ ಬಲದಲ್ಲಿ ಜಾರಿಕೊಂಡು ಹೋಗುವ ಸುಖ, ದೂರದ ಪ್ರಯಾಣದಲ್ಲೂ ಬೆನ್ನು ನೋಯಿಸದ ಆಸನ, ಹಳ್ಳಕೊಳ್ಳಗಳನ್ನು ಮೈಗೆ ತಾಗಿಸದ ಸಸ್ಪೆನ್ಷನ್, ಇವೆಲ್ಲ ಕೊಟ್ಟ ಹಣಕ್ಕೆ ತಕ್ಕಂತೆಯೇ ಇವೆ. ಬ್ರೇಕ್ ಮಾತ್ರ ಒಗ್ಗಲು ಸ್ವಲ್ಪ ಸಮಯ ಹಿಡಿಯಿತು. ವೇಗ ಇಳಿಸುವ ಕೆಲಸದ ಬಹುಪಾಲು ಮೋಟರಿನದು. ಗಾಡಿ ನಿಲ್ಲುವ ಹೊತ್ತಿಗೆ ಡಿಸ್ಕ್ ಬ್ರೇಕ್ ಕೆಲಸ ವಹಿಸಿಕೊಳ್ಳುವಾಗ ಪೆಡಲಿನಲ್ಲಿ ಸಣ್ಣದೊಂದು ಮುಗ್ಗರಿಕೆ ಕಾಣುತ್ತದೆ. ಅದನ್ನು ಟೆಸ್ಟ್ ಡ್ರೈವಿನಲ್ಲೇ ನೀವು ಗಮನಿಸಬಹುದು. ನನ್ನನ್ನು ನಡುದಾರಿಯಲ್ಲಿ ಕೈಬಿಟ್ಟ ಸಂಗತಿ ಟೆಸ್ಟ್ ಡ್ರೈವಿನಲ್ಲಿ ತಿಳಿಯುವಂಥದ್ದಲ್ಲ.

ಕೆಲವು ವಾರ ಪರಸ್ಥಳಕ್ಕೆ ಹೋಗಬೇಕಾಗಿ ಬಂದು ಕಾರನ್ನು ನೆಲಮಾಳಿಗೆಯ ಪಾರ್ಕಿಂಗಿನಲ್ಲಿ ಬಿಟ್ಟಿದ್ದೆ. ಮರಳಿ ಬಂದು ಹಿಡಿಕೆ ಮುಟ್ಟಿದರೆ ಕಾರು ತುಟಿ ಪಿಟಕ್ಕೆನ್ನಲಿಲ್ಲ. ದೀಪವಿಲ್ಲ, ಸದ್ದಿಲ್ಲ, ಕನ್ನಡಿ ಬಿಚ್ಚಿಕೊಳ್ಳಲಿಲ್ಲ. ಮೊಬೈಲ್ ಆ್ಯಪ್ ತೆರೆದರೆ ಆ ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲ. ಇದ್ದಿದ್ದರೂ ಸತ್ತ ಕಾರು ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. ರಿಮೋಟಿನ ಹೊಟ್ಟೆಯೊಳಗೆ ಒಂದು ಲೋಹದ ಕೀಲಿ ಇರುತ್ತದೆ. ಅದನ್ನು ಎಳೆದುಕೊಂಡ ಮೇಲೆ ತೂರಿಸಲು ರಂಧ್ರ ಕಾಣಬೇಕಲ್ಲ! ಚಾಲಕನ ಬಾಗಿಲ ಹಿಡಿಕೆಯ ತುದಿಯಲ್ಲಿ, ಕಾರಿನದೇ ಬಣ್ಣದ ಮುಚ್ಚಳದ ಹಿಂದೆ ಅದನ್ನು ಅಡಗಿಸಿದ್ದಾರೆ. ಅಂದ ಕೆಡಬಾರದಂತೆ. ಮುಚ್ಚಳದ ಅಡಿಯಲ್ಲಿರುವ ಸಣ್ಣ ಸೀಳಿಗೆ ಕೀಲಿಯ ತುದಿಯನ್ನೇ ಸಿಕ್ಕಿಸಿ ಮೀಟಬೇಕು. ಹೊಸ ಕಾರಿನ ಬಣ್ಣ ಕೆರೆಯದಂತೆ, ಮೊಬೈಲ್ ಬೆಳಕಿನಲ್ಲಿ, ಇದನ್ನು ಮೊದಲ ಸಲ ಮಾಡುವ ಸಂಕಟ ಯಾರಿಗೂ ಬೇಡ.

ಒಳಗೆ ಕೂತ ಮೇಲೆ ಕೈಪಿಡಿ ನೋಡೋಣವೆಂದರೆ, ಮುದ್ರಿತ ಕೈಪಿಡಿ ಎಂದು ಕೊಟ್ಟದ್ದು ನಾಲ್ಕು ಹಾಳೆಯ ಕಿರುಹೊತ್ತಗೆ; ಉಳಿದದ್ದೆಲ್ಲ ಡ್ಯಾಶ್‌ಬೋರ್ಡಿನ ದೊಡ್ಡ ಪರದೆಯಲ್ಲಿದೆ. ಪರದೆಯೋ ಕಗ್ಗತ್ತಲು. ಬ್ಯಾಟರಿ ಸತ್ತಾಗ ಏನು ಮಾಡಬೇಕೆಂಬ ಸೂಚನೆಯನ್ನು ಬ್ಯಾಟರಿ ಬದುಕಿದ್ದಾಗ ಮಾತ್ರ ಓದಬಹುದು ಎಂಬ ಏರ್ಪಾಡನ್ನು ಒಪ್ಪಿ ಸಹಿ ಹಾಕಿದ ಮಹಾನುಭಾವರು ಯಾರೋ!

ಸಹಾಯವಾಣಿ ಕಳಿಸಿದ ಹುಡುಗ ಬಾನೆಟ್ ಎತ್ತಿ ಬ್ಯಾಟರಿ ಹುಡುಕಿದ. ಅಲ್ಲಿ ಅದು ಇರಲಿಲ್ಲ. ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. ಅವನು ಹೆದರಿದ್ದರಲ್ಲಿ ತಪ್ಪಿಲ್ಲ. ಕಿತ್ತಳೆ ಹೊದಿಕೆ ಎಂದರೆ ಅಧಿಕ ವೋಲ್ಟೇಜು, ಅದನ್ನು ಮುಟ್ಟಲೇಬಾರದು. ನನ್ನ ಕಾರಿನಲ್ಲಿ 12 ವೋಲ್ಟಿನ ಬ್ಯಾಟರಿ ಇರುವುದು ಡಿಕ್ಕಿಯ ನೆಲದಡಿ. ಡಿಕ್ಕಿ ತೆರೆಯುವುದು ವಿದ್ಯುತ್ತಿನಿಂದ. ಆ ವಿದ್ಯುತ್ತು ಬರಬೇಕಾದದ್ದು ಅದೇ ಬ್ಯಾಟರಿಯಿಂದ.

ಸರಿ, ಎಳೆದುಕೊಂಡಾದರೂ ಹೋಗೋಣವೆಂದರೆ ಅದೂ ಆಗದು. ಗೇರ್ ವಿದ್ಯುತ್ ಆಧಾರಿತ, ಹ್ಯಾಂಡ್‌ಬ್ರೇಕೂ ವಿದ್ಯುತ್ ಆಧಾರಿತ. ನ್ಯೂಟ್ರಲ್‌ಗೆ ತರಲಾಗದೆ ಚಕ್ರಗಳು ಬಿಗಿದುಕೊಂಡಿದ್ದವು. ಹಿಂದಿನ ಅಚ್ಚಿಗೂ ಮೋಟರ್ ಇರುವುದರಿಂದ ನಾಲ್ಕೂ ಚಕ್ರಗಳನ್ನು ನೆಲದಿಂದ ಎತ್ತಿಯೇ ಸಾಗಿಸಬೇಕು. ಚಕ್ರ ನೆಲದ ಮೇಲೆ ಉರುಳಿದರೆ ಮೋಟರ್ ವಿದ್ಯುತ್ ಉತ್ಪಾದಿಸತೊಡಗಿ ಹಾನಿಯಾಗುತ್ತದೆ. ಕಾರನ್ನು ಹೊತ್ತು ಸಾಗಿಸುವ ಲಾರಿ ಬಂತು, ನೆಲಮಾಳಿಗೆಯ ಸೂರಿಗೆ ತಾಗುತ್ತದೆಂದು ಹೊರಗೇ ನಿಂತಿತು. ಕೊನೆಗೆ ಬಂದ ಹಳೆಯ ಮೆಕ್ಯಾನಿಕ್ ಒಬ್ಬರು ಬಾನೆಟ್ಟಿನಡಿಯ ಫ್ಯೂಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಅದರೊಳಗಿದ್ದ ಕೆಂಪು ಟೋಪಿ ಎತ್ತಿ, ಕೂಡಿಸುವ ಗುರುತಿನ ತುಂಡಿಗೆ ತಾವು ತಂದಿದ್ದ ಬ್ಯಾಟರಿಯ ಕೂಡಿಸುವ ತುದಿಯ ಜಂಪರ್ ತಂತಿಯನ್ನೂ ಎಂಜಿನ್ನಿನ ಬರಿಯ ಲೋಹಕ್ಕೆ ಕಳೆಯುವ ತುದಿಯ ತಂತಿಯನ್ನೂ ಸಿಕ್ಕಿಸಿದರು. ಕಳ್ಳತನದ ಅಲಾರಂ ಕಿವಿ ಹರಿಯುವಂತೆ ಬೊಬ್ಬಿಟ್ಟಿತು. ಆಮೇಲೆ ಗುಂಡಿ ಒತ್ತಿದರೆ, ಕಾರು ಓಡಲು ಸಿದ್ಧ ಎಂದು ಹೇಳುವ ‘ರೆಡಿ’ ದೀಪ ಹತ್ತಿತು. ಅಷ್ಟೇ ಕೆಲಸ.

ಯಾಕೆ ಹೀಗೆ? ಮೋಟರ್ ಓಡಿಸುವ, ಸೀಟಿನಡಿಯ ದೊಡ್ಡ ಬ್ಯಾಟರಿಯನ್ನು ಸುರಕ್ಷತೆಗಾಗಿ ರಿಲೇಗಳ (ವಿದ್ಯುತ್ತಿನಿಂದಲೇ ಕೆಲಸ ಮಾಡುವ ಸ್ವಿಚ್ಚುಗಳ) ಮೂಲಕ ಜೋಡಿಸಿರುತ್ತಾರೆ. ಕಾರು ಆಫ್ ಆದಾಗ ರಿಲೇ ಬಿಟ್ಟುಕೊಂಡು ಅದರ ಸಂಪರ್ಕ ಕಡಿಯುತ್ತದೆ. ರಿಲೇಯನ್ನು ಮತ್ತೆ ಕೂಡಿಸಲೂ ಕಂಪ್ಯೂಟರುಗಳನ್ನು ಎಚ್ಚರಿಸಲೂ ಬೇಕಿರುವುದು 12 ವೋಲ್ಟು. ಹೀಗಾಗಿ ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ, ಸಣ್ಣದು ಸತ್ತರೆ ಬೀಗದ ಕೈ ಕಳೆದುಹೋದ ಕಣಜದಂತೆ. ಅನೇಕ ಹೈಬ್ರಿಡ್‌ಗಳಲ್ಲಿ ಎಂಜಿನ್ ತಿರುಗಿಸುವ ಹೊರೆ ಈ ಬ್ಯಾಟರಿಗೆ ಇಲ್ಲದ ಕಾರಣ ಅದನ್ನು ಚಿಕ್ಕದಾಗಿಯೇ ಇಡುತ್ತಾರೆ. ಆದರೆ ನಿಂತ ಕಾರಿನಲ್ಲೂ ಅಲಾರಂ, ಕೀಲಿಗಾಗಿ ಕಿವಿಗೊಟ್ಟು ಕೂತ ರಿಸೀವರ್, ಆ್ಯಪ್‌ಗಾಗಿ ಎಚ್ಚರವಿರುವ ಮೋಡೆಮ್ ವಿದ್ಯುತ್ತನ್ನು ಹೀರುತ್ತಲೇ ಇರುತ್ತವೆ. ಲೆಕ್ಕ ಹಾಕಿ: ಹೀಗೆ ಹೀರುವುದು 50 ಮಿಲಿಆಂಪಿಯರ್ ಎಂದಿಟ್ಟುಕೊಂಡರೂ ದಿನಕ್ಕೆ 1.2 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ವಿದ್ಯುತ್ತು ಹಿಡಿಯುತ್ತದೆ ಎಂಬುದರ ಅಳತೆ). 45 ಆಂಪಿಯರ್-ಅವರಿನ ಬ್ಯಾಟರಿ ಮೂರು ವಾರ ಕಳೆಯುವುದರೊಳಗೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಕೀಲಿಯನ್ನು ಕಾರಿನ ಹತ್ತಿರವೇ ತೂಗುಹಾಕುವ ಅಭ್ಯಾಸವಿದ್ದರೆ ಇನ್ನೂ ಬೇಗ, ಏಕೆಂದರೆ ಕಾರು ಅದರೊಂದಿಗೆ ಮಾತಾಡುತ್ತಲೇ ಇರುತ್ತದೆ.

ಸರ್ವಿಸ್ ಸೆಂಟರಿನವರು ಕೈ ತೊಳೆದುಕೊಂಡ ರೀತಿಯೇ ನನಗೆ ಹೆಚ್ಚು ಸಿಟ್ಟು ತರಿಸಿದ್ದು. “ಕಾರನ್ನು ತುಂಬಾ ದಿನ ನಿಲ್ಲಿಸಿದ್ದೀರಿ ಸರ್, ಅದು ಬಳಕೆಯ ದೋಷ” ಎಂದರು. ಎಷ್ಟು ದಿನ ನಿಲ್ಲಿಸಬಹುದೆಂದು ಎಲ್ಲಿ ಬರೆದಿದ್ದೀರಿ ಎಂದು ಕೇಳಿದರೆ ಪರದೆಯ ಕೈಪಿಡಿಯತ್ತ ಬೆರಳು ತೋರಿಸಿದರು. ಎಂಟು ವರ್ಷದ ಖಾತರಿ ಎಂದು ಸಾರಿದ್ದು ದೊಡ್ಡ ಬ್ಯಾಟರಿಗೆ. ಈ ಸಣ್ಣದು ‘ಸವೆಯುವ ಭಾಗ’ವಂತೆ. ತಂತ್ರಜ್ಞಾನ ಹೊಸದು ಎಂಬ ಸಬೂಬೂ ನಡೆಯದು. ಲೆಕ್ಸಸ್ ಕಂಪನಿಯ ಆರ್‌ಎಕ್ಸ್ 400ಎಚ್ 2005ರಲ್ಲೇ ರಸ್ತೆಗಿಳಿದಿತ್ತು. ಈ ಬಗೆಯ ವಾಹನ ಬಂದು ಎರಡು ದಶಕಗಳಾದವು. (ನನ್ನ ಕಾರು ಬೇರೆ ಕಂಪನಿಯದು.)

ಈಗಾಗಲೇ ಕೊಂಡವರು ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ‘ರೆಡಿ’ ಸ್ಥಿತಿಯಲ್ಲಿ ಇಡಿ. ಓಡಿಸಿದರೆ ಇನ್ನೂ ಒಳ್ಳೆಯದು. ಬರೀ ರೇಡಿಯೊ ಹತ್ತುವ ಆ್ಯಕ್ಸೆಸರಿ ಸ್ಥಿತಿ ಸಾಲದು, ಅದು ಬ್ಯಾಟರಿಯನ್ನು ಇನ್ನಷ್ಟು ತಿನ್ನುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಹೀಗೆ ಮಾಡಬೇಡಿ: ಎಂಜಿನ್ ಹೇಳದೆ ಕೇಳದೆ ತಾನೇ ಚಾಲೂ ಆಗುತ್ತದೆ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಪ್ರಾಣ ತೆಗೆಯುತ್ತದೆ. ಕೈಪಿಡಿಯ ಜಂಪ್ ಸ್ಟಾರ್ಟ್ ಪುಟಗಳನ್ನು ಮೊಬೈಲಿಗೆ ಇಳಿಸಿಕೊಳ್ಳಿ. ಜಂಪ್ ಸ್ಟಾರ್ಟರ್ ಒಂದನ್ನು ಕೊಂಡರೆ ಡಿಕ್ಕಿಯಲ್ಲಿ ಇಡಬೇಡಿ, ಯಾಕೆಂದು ಮತ್ತೆ ಹೇಳಬೇಕಿಲ್ಲ.

ಮೈಲೇಜಿನ ಬಗ್ಗೆಯೂ ಒಂದು ಮಾತು. ಊರೊಳಗೆ ಉಳಿತಾಯ ಚೆನ್ನಾಗಿದೆ, ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಬ್ರೇಕಿನಿಂದ ಮರಳಿ ಸಿಗುವ ಶಕ್ತಿಯೇ ಇಲ್ಲದ ಕಾರಣ ಲಾಭ ಕರಗುತ್ತದೆ. ಗೋಡೆಯ ಪ್ಲಗ್ಗಿನಿಂದಲೂ ಚಾರ್ಜ್ ಮಾಡಬಹುದಾದ ಪ್ಲಗ್-ಇನ್ ಮಾದರಿಯ ಜಾಹೀರಾತಿನ ಅಂಕಿಯನ್ನಂತೂ ನಂಬಲೇಬೇಡಿ. ರಸ್ತೆಯಲ್ಲಿ ಓಡಿದ ಕಾರುಗಳ ಮಾಹಿತಿಯನ್ನು ಆಧರಿಸಿ ಯುರೋಪಿಯನ್ ಆಯೋಗ 2024ರಲ್ಲಿ ಕೊಟ್ಟ ವರದಿಯ ಪ್ರಕಾರ, ಅವು ನಿಜವಾಗಿ ಉಗುಳುವ ಇಂಗಾಲದ ಡೈಆಕ್ಸೈಡ್, ಅಂದರೆ ಸುಡುವ ಇಂಧನವೂ, ಪ್ರಯೋಗಾಲಯದ ಅಂಕಿಯ ಸುಮಾರು ಮೂರೂವರೆ ಪಟ್ಟು. ಜನ ಚಾರ್ಜ್ ಮಾಡುವುದೇ ಕಡಿಮೆ. ಸ್ಟೆಪ್ನಿ ಇದೆಯೇ ಎಂದೂ ನೋಡಿಕೊಳ್ಳಿ. ನನಗೆ ಕೊಟ್ಟಿರುವುದು ಪಂಕ್ಚರ್ ಮುಚ್ಚುವ ಅಂಟಿನ ಡಬ್ಬಿ, ಅದನ್ನು ಇಟ್ಟಿರುವುದೂ ಆ ಡಿಕ್ಕಿಯ ನೆಲದಡಿಯಲ್ಲೇ.

ಕಾರು ಒಪ್ಪಿಸಿಕೊಳ್ಳುವ ದಿನ ಹೂಗುಚ್ಛ, ಫೋಟೊ ಎಲ್ಲ ಮುಗಿಯಲಿ. ಸಹಿ ಹಾಕುವ ಮೊದಲು ಮಾರಾಟದವರ ಕೈಗೆ ಆ ಲೋಹದ ಕೀಲಿ ಕೊಟ್ಟು, ಬಾಗಿಲು ತೆರೆದು, ಫ್ಯೂಸ್ ಪೆಟ್ಟಿಗೆಯ ಕೆಂಪು ಟೋಪಿ ತೋರಿಸಿ ಎನ್ನಿ. ತೋರಿಸಿದ ಮೇಲೆಯೇ ಪೆನ್ನು ತೆಗೆಯಿರಿ.