ದೆವ್ವದ ಸಿನಿಮಾ, ರಾಜಕೀಯ ಸಾಕ್ಷ್ಯಚಿತ್ರ: ಹೆಚ್ಚು ಹೆದರಿಸಿದ್ದು ಯಾವುದು?

ಆಟ, ಕೋಲಗಳ ಋತು ಮುಗಿಯುವ ದಿನ ಪತ್ತನಾಜೆ; ಅದು ಕಳೆದ ಮೇಲೆ ನಮ್ಮ ಉಡುಪಿಯ ರಾತ್ರಿಗಳು ಖಾಲಿ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ದೈವದ ಕೋಲಗಳು ನಿಲ್ಲುತ್ತವೆ, ಮಳೆ ಹಿಡಿಯುತ್ತದೆ. 2025ರಲ್ಲಿ ಆ ಖಾಲಿತನಕ್ಕೆ ಭಾವನ ಜೊತೆಗಿನ ಒಂದು ಜಗಳವೂ ಸೇರಿಕೊಂಡಿತು. ಸಾಕ್ಷ್ಯಚಿತ್ರವೆಂದರೆ ಪತ್ರಿಕೆ ಓದಲು ಸೋಮಾರಿತನ ಇರುವವರಿಗೆ ಎಂದು ಅವರು. ದೆವ್ವದ ಸಿನಿಮಾ ಕಾಲೇಜು ಹುಡುಗರು ಕಿರುಚಿಕೊಳ್ಳಲು ಮಾತ್ರ ಎಂದು ನಾನು. ಮಾತಿನಲ್ಲಿ ತೀರದೇ ಹೋದದ್ದರಿಂದ ಒಂದು ವಾರ ಅದು, ಮರುವಾರ ಇದು ಎಂದು ಡಿಸೆಂಬರ್‌ವರೆಗೂ ನೋಡಿದೆ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಲ್ಲ. ನನಗೆ ಸಿಕ್ಕಿದ ತಕ್ಕಡಿ ಇದು: ಅಂಬಲಪಾಡಿಯಲ್ಲಿ ದೊಡ್ಡಮ್ಮನ ಮನೆಯಿಂದ ನಮ್ಮ ಮನೆಗೆ ಹತ್ತು ನಿಮಿಷದ ಓಣಿ, ನಡುವೆ ಒಂದು ನಾಗಬನ, ಅದರಾಚೆ ತೆಂಗಿನ ತೋಟ, ಬೀದಿದೀಪ ಒಂದೇ ಒಂದು. ದೊಡ್ಡಮ್ಮನ ಟಿವಿ ದೊಡ್ಡದು, ಹಾಗಾಗಿ ಹೆಚ್ಚಿನವನ್ನು ಅಲ್ಲಿಯೇ ನೋಡಿದೆ. ಚಿತ್ರಮಂದಿರಕ್ಕೆ ಹೋದ ದಿನವೂ ಮನೆಗೆ ಬರುವ ದಾರಿ ಅದೇ. ಬನದ ಹತ್ತಿರ ಎಷ್ಟು ಸಲ ಹಿಂತಿರುಗಿ ನೋಡಿದೆ ಎನ್ನುವುದೇ ಅಂಕ.

ದೊಡ್ಡಮ್ಮನ ಬಗ್ಗೆ ಒಂದು ಮಾತು ಹೇಳದಿದ್ದರೆ ಆಗುವುದಿಲ್ಲ. ನಮ್ಮಲ್ಲಿ ಭೂತ ಎಂದರೆ ಕೈಮುಗಿಯಬೇಕಾದ ದೈವ. ಸತ್ತವರ ಪ್ರೇತಕ್ಕೆ ತುಳುವಿನಲ್ಲಿ ಬೇರೆಯೇ ಹೆಸರು, ಕುಲೆ. ಮಳೆಗಾಲದ ಆಟಿ ತಿಂಗಳಲ್ಲಿ ದೊಡ್ಡಮ್ಮ ಕುಲೆಗಳಿಗೆ ಎಲೆ ಹಾಕಿ ಬಡಿಸಿ, ಬಾಗಿಲು ಮುಚ್ಚಿ ಹೊರಗೆ ನಿಲ್ಲುವವರು. ದೆವ್ವ ಅವರಿಗೆ ವರ್ಷಕ್ಕೊಮ್ಮೆ ಊಟಕ್ಕೆ ಬರುವ ನೆಂಟ. ಅಂಥವರ ಪಕ್ಕದಲ್ಲಿ ಕುಳಿತು 'ಸ್ತ್ರೀ 2' ನೋಡಿದರೆ ಏನಾಗುತ್ತದೆ? ರುಂಡವೇ ಇಲ್ಲದ ದೆವ್ವ ಅರ್ಧ ಗಂಟೆ ಊರೆಲ್ಲ ಹಾರಾಡಿದ ಮೇಲೆ ಅವರು ಎಲೆಯಡಿಕೆಯ ತಟ್ಟೆ ಎಳೆದುಕೊಂಡು, "ಇದಕ್ಕೆ ಯಾರೂ ಬಡಿಸುವವರು ಇಲ್ಲವೋ ಏನೋ" ಎಂದರು. ಅಲ್ಲಿಗೆ ಮುಗಿಯಿತು. ಬನದ ಹತ್ತಿರ ಒಂದು ಸಲವೂ ತಿರುಗಲಿಲ್ಲ.

ಆಚೆ ಬದಿಯಲ್ಲಿಯೂ ಇಂಥವೇ ಇವೆ, ಹೆಸರು ಬೇಡ. ಆರು ಕಂತಿನ ರಾಜಕೀಯ ಸರಣಿಗಳು: ಊರಿನ ಮೇಲೆ ಡ್ರೋನ್ ಹಾರುತ್ತದೆ, ಹಳೆಯ ಸುದ್ದಿಯ ತುಣುಕನ್ನು ನಿಧಾನಗತಿಯಲ್ಲಿ ತೋರಿಸುತ್ತಾರೆ, ಅಡಿಯಲ್ಲಿ ಢಂ ಎಂದು ಒಂದು ಸದ್ದು. ಈಗ ಹೆದರು, ಈಗ ಸಿಟ್ಟಾಗು ಎಂದು ಸಂಗೀತವೇ ಅಪ್ಪಣೆ ಕೊಡುವ ಚಟ ಎರಡೂ ಕಡೆ ಒಂದೇ. ಸೂಟೆಯ ಬೆಳಕಿನಲ್ಲಿ ಕೋಲ ನೋಡಿದವರಿಗೆ ಗೊತ್ತು, ತಾಸೆಯ ಬಡಿತ ನಿಂತ ಗಳಿಗೆಯಲ್ಲಿಯೇ ಮೈ ಜುಮ್ಮೆನ್ನುವುದು.

ತೂಗಲು ಯೋಗ್ಯವಾದ ಜೋಡಿ ಮೊದಲು ಸಿಕ್ಕಿದ್ದು 'ಭ್ರಮಯುಗಂ' ಮತ್ತು 'ನೋ ಅದರ್ ಲ್ಯಾಂಡ್'. ಮೊದಲನೆಯದು ರಾಹುಲ್ ಸದಾಶಿವನ್ ನಿರ್ದೇಶನದ 2024ರ ಮಲಯಾಳಂ ಚಿತ್ರ, ಪೂರ್ತಿ ಕಪ್ಪು ಬಿಳುಪು. ಹದಿನೇಳನೆಯ ಶತಮಾನದ ಮಲಬಾರು, ಬಿಡದೆ ಸುರಿಯುವ ಮಳೆ, ಹಾಳುಬಿದ್ದ ದೊಡ್ಡಮನೆ, ಹಸಿದು ಬಂದ ಕೆಳಜಾತಿಯ ಒಬ್ಬ ಹಾಡುಗಾರ. ಮನೆಯೊಡೆಯ ಮಂತ್ರವಾದಿಯಾದ ಮಮ್ಮುಟ್ಟಿ ಅವನನ್ನು ಕಟ್ಟಿಹಾಕುವುದಿಲ್ಲ, ಪಗಡೆಗೆ ಕರೆಯುತ್ತಾರೆ. ಪಣಕ್ಕೆ ಇಡಬೇಕಾದದ್ದು ಅವನ ಆಯುಷ್ಯದ ಕಾಲ. ಸೋತವನಿಗೆ ಬಾಗಿಲು ತೆರೆದೇ ಇದೆ, ಹೋಗಲು ಮಾತ್ರ ಆಗುವುದಿಲ್ಲ. ಊಟ ಹಾಕಿ ಉಪಕಾರದ ಮಾತಾಡುತ್ತಲೇ ಒಬ್ಬನನ್ನು ಆಳಾಗಿ ಮಾಡುವ ಬಗೆ ನಮ್ಮ ಹಳೆಯ ಜಮೀನ್ದಾರಿ ಮನೆಗಳಾದ ಗುತ್ತು, ಬೀಡುಗಳ ಅಂಗಳ ಕಂಡವರಿಗೆ ಹೊಸದೇನಲ್ಲ. ದೊಡ್ಡಮ್ಮ ಈ ಸಲ ಎಲೆಯಡಿಕೆ ಮುಟ್ಟಲಿಲ್ಲ. ಬನದ ಹತ್ತಿರ ಎರಡು ಸಲ ತಿರುಗಿದೆ ಎಂದು ಒಪ್ಪಿಕೊಳ್ಳುತ್ತೇನೆ.

'ನೋ ಅದರ್ ಲ್ಯಾಂಡ್' 2025ರ ಮಾರ್ಚಿನಲ್ಲಿ ಆಸ್ಕರ್ ಪಡೆದ ಸಾಕ್ಷ್ಯಚಿತ್ರ. ಪ್ಯಾಲೆಸ್ಟೀನಿನ ಬಾಸಿಲ್ ಅದ್ರಾ, ಇಸ್ರೇಲಿನ ಪತ್ರಕರ್ತ ಯುವಾಲ್ ಅಬ್ರಹಾಂ ಮತ್ತು ಇನ್ನಿಬ್ಬರು ಸೇರಿ ಮಾಡಿದ್ದು. ವೆಸ್ಟ್ ಬ್ಯಾಂಕಿನ ಮಸಾಫರ್ ಯಟ್ಟಾದ ಹಳ್ಳಿಗಳನ್ನು ಸೇನೆಯ ತರಬೇತಿಗೆ ಎಂದು ತೆರವು ಮಾಡಿಸುತ್ತಾರೆ. 2022ರ ಮೇ ತಿಂಗಳಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟೂ ಅದಕ್ಕೆ ಒಪ್ಪಿಗೆ ಕೊಟ್ಟಿತು. ಬುಲ್ಡೋಜರ್ ಬರುತ್ತದೆ, ಮನೆ ಬೀಳುತ್ತದೆ, ಜನ ಪಾತ್ರೆ ಪಗಡಿ ಎತ್ತಿಕೊಂಡು ಗುಹೆಗೆ ಹೋಗುತ್ತಾರೆ, ರಾತ್ರಿ ಗೋಡೆ ಕಟ್ಟುತ್ತಾರೆ, ಬುಲ್ಡೋಜರ್ ಮತ್ತೆ ಬರುತ್ತದೆ. ಜನರೇಟರ್ ಕಿತ್ತುಕೊಳ್ಳಬೇಡಿ ಎಂದು ಹಿಡಿದುಕೊಂಡ ಹಾರೂನ್ ಎಂಬ ಯುವಕನಿಗೆ ಸೈನಿಕರು ಗುಂಡು ಹೊಡೆಯುತ್ತಾರೆ. ಆಮೇಲೆ ಅವನಿಗೆ ಕೈಕಾಲು ಇಲ್ಲದಂತೆಯೇ ಆಗುತ್ತದೆ, ತಾಯಿ ಗುಹೆಯಲ್ಲಿ ಅವನನ್ನು ನೋಡಿಕೊಳ್ಳುತ್ತಾಳೆ. ಆದರೆ ನನ್ನನ್ನು ಕಾಡಿದ್ದು ಅದಕ್ಕಿಂತ ಸಣ್ಣ ಸಂಗತಿ: ಗೆಳೆಯರಾದ ಬಾಸಿಲ್, ಯುವಾಲ್ ರಾತ್ರಿ ಮಾತಾಡುತ್ತಾರೆ, ಮಾತು ಮುಗಿದ ಮೇಲೆ ಯುವಾಲ್ ಕಾರು ಹತ್ತಿ ತನ್ನ ಮನೆಗೆ ಹೋಗಬಹುದು, ಬಾಸಿಲ್‌ಗೆ ಅದು ಸಾಧ್ಯವಿಲ್ಲ. ಆ ಮಲಬಾರಿನ ಮನೆಯ ತೆರೆದ ಬಾಗಿಲು ಇಲ್ಲಿಯೂ ಇದೆ, ಮಂತ್ರವಾದಿ ಮಾತ್ರ ಇಲ್ಲ. ಅಂದು ಬನದತ್ತ ನೋಡಲಿಲ್ಲ, ನಿಜ. ಮನೆಗೆ ಬಂದು ಗೇಟಿನ ಬೀಗದ ಕೈಯನ್ನು ಮೇಜಿನ ಮೇಲೆ ಇಡುವಾಗ ಏನೋ ಒಂದು ಥರ ಆಯಿತು. ಕಲೆಗಾರಿಕೆಗೆ 'ಭ್ರಮಯುಗಂ', ನಿದ್ದೆ ಕೆಡಿಸಿದ್ದಕ್ಕೆ 'ನೋ ಅದರ್ ಲ್ಯಾಂಡ್'.

ಎರಡನೆಯ ಜೋಡಿಯಲ್ಲಿ ತಕ್ಕಡಿ ಬೇರೆ ಕಡೆಗೆ ವಾಲಿತು. ಜೆ.ಪಿ. ತೂಮಿನಾಡು ಅವರ 'ಸು ಫ್ರಮ್ ಸೋ' 2025ರ ಜುಲೈ 25ರಂದು ಬಿಡುಗಡೆಯಾಯಿತು. ಉಡುಪಿಯಲ್ಲಿ ನನಗೆ ಟಿಕೆಟ್ ಸಿಕ್ಕಿದ್ದು ಎರಡನೆಯ ವಾರ. ಪಕ್ಕದವರು ನಗುವ ಭರದಲ್ಲಿ ನನ್ನ ಪಾಪ್‌ಕಾರ್ನ್ ಚೆಲ್ಲಿದರು, ಕ್ಷಮೆ ಕೇಳಲೂ ನಗು ಬಿಡಲಿಲ್ಲ. ಒಬ್ಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಎಂದು ಒಂದಿಡೀ ಊರು ನಂಬುವ ಕಥೆ. ಇಲ್ಲಿಯ ದೆವ್ವಕ್ಕೆ ಹೆಸರಿದೆ, ಊರಿದೆ, ಬೇಕಾದರೆ ಬಸ್ ಹತ್ತಿ ವಿಚಾರಿಸಿ ಬರಬಹುದು. ಹಾಗಾಗಿಯೇ ದೊಡ್ಡಮ್ಮನಿಗೂ ಇಷ್ಟವಾಯಿತು, ವಿಳಾಸ ಇರುವ ಕುಲೆ ಅವರಿಗೆ ಅರ್ಥವಾಗುತ್ತದೆ. ಮೊದಲರ್ಧದ ನಗುವಿನ ಭರ ಕೊನೆಗೆ ತುಸು ಸಡಿಲವಾಗುತ್ತದೆ, ಇರಲಿ. ಊರು ಒಂದು ಸುಳ್ಳನ್ನು ಹೇಗೆ ಸಾಕುತ್ತದೆ, ಅದಕ್ಕೆ ಹೇಗೆ ದಿನವೂ ಮೇವು ಹಾಕುತ್ತದೆ ಎನ್ನುವುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಿದ ಭಾಷಣ ನಾನು ಕೇಳಿಲ್ಲ.

ಇದರ ಎದುರಿಗೆ ಇಟ್ಟದ್ದು ವಿನಯ್ ಶುಕ್ಲಾ ಅವರ 'ವೈಲ್ ವಿ ವಾಚ್ಡ್'. 2022ರ ಈ ಚಿತ್ರವೂ ಸುಳ್ಳಿನ ಸುತ್ತಲಿನದೇ, ಟಿವಿ ಪತ್ರಕರ್ತ ರವೀಶ್ ಕುಮಾರ್ ಅವರ ಸುದ್ದಿಮನೆಯೊಳಗಿನಿಂದ. ಒಬ್ಬೊಬ್ಬರಾಗಿ ಕೆಲಸ ಬಿಡುತ್ತಾರೆ. ಪ್ರತಿ ಬಾರಿಯೂ ಒಂದು ಕೇಕ್ ಬರುತ್ತದೆ, ಕತ್ತರಿಸುತ್ತಾರೆ, ಚಪ್ಪಾಳೆ ತಟ್ಟುತ್ತಾರೆ. ಎರಡನೆಯ ಕೇಕಿಗೆ ನಕ್ಕೆ. ಆಮೇಲಾಮೇಲೆ ಕೇಕಿನ ಡಬ್ಬಿ ಕಂಡರೆ ಸಾಕು, ದೆವ್ವದ ಸಿನಿಮಾದಲ್ಲಿ ಉಯ್ಯಾಲೆ ತಾನಾಗಿ ಆಡುವಾಗ ಆಗುವಂತೆ ಹೊಟ್ಟೆಯೊಳಗೆ ಏನೋ ಆಡಿತು. ಆದರೂ ಈ ಜೋಡಿಯಲ್ಲಿ ನನ್ನ ಓಟು ಸುಲೋಚನಾಳಿಗೆ. ರವೀಶರ ದಣಿವನ್ನು ಕ್ಯಾಮೆರಾ ಹತ್ತಿರದಿಂದ ನೋಡುತ್ತದೆ, ಆದರೆ ಎದುರು ಪಾಳೆಯದ ಚಾನೆಲ್‌ಗಳ ಮಾತನ್ನು ನಂಬಿ ಕುಳಿತ ನೋಡುಗನ ಮನೆಯೊಳಗೆ ಹೋಗುವುದಿಲ್ಲ. ಅವನು ಯಾಕೆ ನಂಬುತ್ತಾನೆ? ತೂಮಿನಾಡು ಅವರ ಹಾಸ್ಯಚಿತ್ರ ಆ ಮನೆಯ ಜಗಲಿಯಲ್ಲಿಯೇ ಕುಳಿತಿದೆ.

'ಡೀಯಸ್ ಈರೇ' ಬಗ್ಗೆ ಹೆಚ್ಚು ಹೇಳುವುದಿಲ್ಲ. ಇದೂ ರಾಹುಲ್ ಸದಾಶಿವನ್ ಅವರದೇ, ನವೆಂಬರಿನಲ್ಲಿ ಮಂಗಳೂರಿನ ಒಂದು ಮಾಲಿನಲ್ಲಿ ನೋಡಿದೆ. ಸತ್ತ ಹುಡುಗಿಯ ಕೂದಲಿನ ಕ್ಲಿಪ್ ಒಂದನ್ನು ಹಿಡಿದು ಇಷ್ಟು ಹೆದರಿಸಿದರಲ್ಲ, ಮೆಚ್ಚಬೇಕು. ರಾತ್ರಿ ಬಸ್ಸಿನಿಂದ ಕರಾವಳಿ ಬೈಪಾಸಿನಲ್ಲಿ ಇಳಿದು ಬರುವಾಗ ಬನದ ಹತ್ತಿರ ಐದು ಸಲ ತಿರುಗಿದೆ, ಇಡೀ ಏಳು ತಿಂಗಳ ದಾಖಲೆ. ಬೆಳಗ್ಗೆ ದೋಸೆ ತಿನ್ನುವ ಹೊತ್ತಿಗೆ ಮರೆತಿದ್ದೆ.

ಕೊನೆಗೆ ಉಳಿದದ್ದು ವಿಚಾರವಾದಿಗಳ ಕೊಲೆಗಳ ಸುತ್ತಲಿನ ಸಾಕ್ಷ್ಯಚಿತ್ರ, ಆನಂದ್ ಪಟವರ್ಧನ್ ಅವರ 'ವಿವೇಕ್'. 2018ರದ್ದು, ತೀರಾ ಹೊಸದಲ್ಲ, ಆದರೆ ಭಾವನ ಜೊತೆ ಜಗಳ ಶುರುವಾದದ್ದೇ ಇದರಿಂದ. ಎಂಟು ಅಧ್ಯಾಯ, ನಾಲ್ಕು ಗಂಟೆಯ ಆಸುಪಾಸು. 2019ರಲ್ಲಿ ಕೇರಳದ ಚಿತ್ರೋತ್ಸವದಲ್ಲಿ ಇದನ್ನು ತೋರಿಸಲು ಹೈಕೋರ್ಟಿನ ಆದೇಶ ಬೇಕಾಗಿತ್ತು. ಭಾವ ಎರಡನೆಯ ಅಧ್ಯಾಯಕ್ಕೆ ಎದ್ದು ಹೋದರು. ಅವರ ಆಕ್ಷೇಪದಲ್ಲಿ ಹುರುಳಿಲ್ಲ ಎನ್ನಲಾರೆ: ನಾನು ಮೊದಲೇ ಒಪ್ಪಿರುವುದನ್ನು ನಿರೂಪಕರ ದನಿ ನನಗೇ ಮತ್ತೆ ಹೇಳುತ್ತದೆ, ನಾನು ತಲೆಯಾಡಿಸುತ್ತೇನೆ, ನನ್ನ ಬೆನ್ನನ್ನು ನಾನೇ ತಟ್ಟಿಕೊಂಡಂತೆ. ದೆವ್ವದ ಸಿನಿಮಾ ನಿಮ್ಮ ಪಕ್ಷ ಯಾವುದು ಎಂದು ಕೇಳುವುದಿಲ್ಲ. ಭಾವನನ್ನು ಸೋಫಾದ ತುದಿಗೆ ತಂದು ಕೂರಿಸುವ ಶಕ್ತಿ 'ಭ್ರಮಯುಗಂ'ಗೆ ಇತ್ತು, 'ವಿವೇಕ್'ಗೆ ಇರಲಿಲ್ಲ.

ಆದರೆ ಬಾಗಿಲಿನ ವಿಷಯ ಬಂದಾಗ ನನಗೆ ಬೇರೆಯದೇ ಆಯಿತು. ಒಂದು ಕಾಲದಲ್ಲಿ ದೆವ್ವ ಬಾಗಿಲು ತಟ್ಟುತ್ತದೆ ಎಂದು ಘಟ್ಟದ ಮೇಲಿನ ಊರುಗಳಲ್ಲಿ 'ನಾಳೆ ಬಾ' ಎಂದು ಬರೆಯುತ್ತಿದ್ದರು. ಓದಿದ ದೆವ್ವ ಹಿಂದಿರುಗುತ್ತಿತ್ತಂತೆ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿ ಅವರನ್ನು ಕೊಲ್ಲಲು ಮನೆಗೆ ಬಂದವರು ಬೈಕಿನಲ್ಲಿ ಬಂದಿದ್ದರು. ಬೆಳ್ಳಂಬೆಳಗ್ಗೆ, ಮನೆಯ ಬಾಗಿಲಲ್ಲೇ. ಚಿತ್ರ ಅಲ್ಲಿಂದ ಮುಂದೆ ಹೋದರೂ ನಾನು ಹೋಗಲಿಲ್ಲ.

ಅಂದು ಹೊರಟಾಗ ಹನ್ನೊಂದೂವರೆ ದಾಟಿತ್ತು. ಓಣಿಯ ಅರ್ಧಕ್ಕೆ ಬಂದಾಗ ಹಿಂದಿನಿಂದ ಬೈಕಿನ ಸದ್ದು. ನನ್ನ ಹತ್ತಿರ ಬಂದು ನಿಧಾನವಾಯಿತು, ನಿಂತಿತು. ಇಬ್ಬರು, ಹಿಂದಿನವನ ಮುಖಕ್ಕೆ ಹೆಲ್ಮೆಟ್. ನನ್ನ ಕಾಲು ಅಲ್ಲೇ ನಾಟಿಕೊಂಡಿತು. ಹಿಂದಿನವನು ಹೆಲ್ಮೆಟ್ಟಿನ ಗಾಜು ಎತ್ತಿ, "ಅಣ್ಣ, ಇಲ್ಲಿ ಮೆಹೆಂದಿ ಇರುವ ಮನೆ ಯಾವುದು?" ಎಂದು ಕೇಳಿದ. ಕೈಯಲ್ಲಿ ಉಡುಗೊರೆಯ ಪೊಟ್ಟಣ ಇತ್ತು. ಎಡಕ್ಕೆ ಎಂದು ಕೈ ತೋರಿಸಿದೆ, ಗಂಟಲಿನಿಂದ ದನಿ ಬರಲಿಲ್ಲ. ಕೆಂಪು ದೀಪ ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ. ನಿಂತದ್ದು ನಾಗಬನದ ಪಕ್ಕದಲ್ಲಿಯೇ ಎಂದು ತಿಳಿದದ್ದು ಆಮೇಲೆ.